ಚಿತ್ತವನ್ನು ಒಪ್ಪಿಸುವುದು: ಮುಂಬಯಿಯ ದಿನಚರಿಯಲ್ಲಿ ನನ್ನ ಅನುಭವ

"ಕರ್ತನೇ, ನನ್ನನ್ನು ಪೂರ್ತಿ ನಿನಗೆ ಒಪ್ಪಿಸಿದ್ದೇನೆ" ಎಂದು ಭಾನುವಾರ ಆರಾಧನೆಯಲ್ಲಿ ಎಲ್ಲರೂ ಹೇಳುತ್ತೇವೆ. ಏನನ್ನು ಒಪ್ಪಿಸಿದೆವು ಎಂದು ಹೆಸರು ಹಿಡಿದು ಹೇಳದಿದ್ದರೆ ಆ ಮಾತು ಸೋಮವಾರ ಬೆಳಗಿನ ಡೊಂಬಿವಿಲಿ ಲೋಕಲ್ ರೈಲು ಹತ್ತುವವರೆಗೂ ಉಳಿಯುವುದಿಲ್ಲ.

ನಾನು ಅನುಸರಿಸುವ ಕ್ರಮ ಇದು. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಹದಿನೈದು ನಿಮಿಷ. ನೋಟುಬುಕ್ಕಿನ ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ, ಇವತ್ತು ನನ್ನ ಇಷ್ಟದಂತೆಯೇ ಆಗಬೇಕು ಅನಿಸುವ ಎರಡು ಮೂರು ವಿಷಯ: "ರಜೆ ಮಂಜೂರಾಗಬೇಕು", "ಸೊಸೈಟಿ ಮೀಟಿಂಗಿನಲ್ಲಿ ನನ್ನ ಮಾತೇ ನಡೆಯಬೇಕು". ಇಲ್ಲಿ ಭಕ್ತಿಯ ಭಾಷೆ ಬೇಡ, ಮನಸ್ಸಿನಲ್ಲಿ ಇದ್ದದ್ದು ಇದ್ದ ಹಾಗೆ ಬರಲಿ. ಶಿಲುಬೆಗೆ ಹೋಗುವ ಮುಂಚಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಇಷ್ಟವನ್ನು ಬಚ್ಚಿಡಲಿಲ್ಲ. ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ತಪ್ಪಲಿ ಎಂದು ಮೊದಲು ನೇರವಾಗಿ ಕೇಳಿದನು, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟನು. ಅದೂ ಒಂದೇ ಸಲಕ್ಕಲ್ಲ, ಮೂರು ಸಲ (ಮತ್ತಾಯ 26:39–44). ಹಾಗಾಗಿ ಪ್ರತಿ ಸಾಲನ್ನೂ ಬಾಯಿಬಿಟ್ಟು ಓದಿ, ಕೇಳಿಕೊಂಡು, "ನಿನ್ನ ಚಿತ್ತವೇ ಆಗಲಿ" ಎನ್ನುತ್ತೇನೆ. ಯಾವ ಸಾಲಿಗೆ ದನಿ ತಡೆಯುತ್ತದೋ ಅಲ್ಲೇ ನಿಂತು ಮತ್ತೆ ಪ್ರಾರ್ಥಿಸಬೇಕು.

ಬಲಭಾಗದಲ್ಲಿ, ಫಲ ಏನೇ ಆದರೂ ನಾನು ಪಾಲಿಸಬೇಕಾದದ್ದು: "ರಜೆ ಸಿಗದಿದ್ದರೂ ಸುಳ್ಳು ಹೇಳಿ ಸಿಕ್ ಲೀವ್ ಹಾಕುವುದಿಲ್ಲ", "ಎದುರಿನವರು ಮಾತು ಮುಗಿಸುವ ತನಕ ನಡುವೆ ಬಾಯಿ ಹಾಕುವುದಿಲ್ಲ". ಈ ಭಾಗ ಖಾಲಿ ಉಳಿದರೆ ಎಡಗಡೆ ಬರೆದದ್ದು ಬರೀ ಬೇಡಿಕೆಪಟ್ಟಿ. ದೇವರ ಆಳ್ವಿಕೆ ನಮ್ಮ ನಾಲಿಗೆ, ಕೈ, ದುಡ್ಡಿನ ಮೇಲೆ ನಡೆಯಬೇಕಾದದ್ದು ಬಲಗಡೆಯ ಸಾಲುಗಳಲ್ಲೇ.

ಕೆಲವಕ್ಕೆ ದೇವರ ಚಿತ್ತವೇನೆಂದು ಕೇಳುವ ಅಗತ್ಯವೇ ಇಲ್ಲ. ಮನೆಕೆಲಸದ ಹೆಂಗಸಿಗೆ ಕೊಡಬೇಕಾದ ಸಂಬಳ ಅಂಥದ್ದು. ಕೂಲಿಯವನ ಕೂಲಿ ಬೆಳಗಿನ ತನಕ ನಮ್ಮಲ್ಲಿ ಉಳಿಯಬಾರದು ಎಂದು ಯಾಜಕಕಾಂಡ 19:13 ಆಗಲೇ ಹೇಳಿದೆ. ತೀರಿಸಬೇಕಾದ ಸಾಲ, ಕೇಳಬೇಕಾದ ಕ್ಷಮೆ, ಇವುಗಳ ಬಗ್ಗೆ "ಪ್ರಾರ್ಥನೆ ಮಾಡ್ತಾ ಇದ್ದೇನೆ" ಅಂದರೆ ಮುಂದೂಡುತ್ತಿದ್ದೇವೆ ಎಂದೇ ಅರ್ಥ.

ಕೆಲಸ ಬದಲಾವಣೆ, ಮಕ್ಕಳ ಮದುವೆ, ಮನೆ ಮಾರಿ ಊರಿಗೆ ಮರಳುವುದು, ಇವು ಬೇರೆ. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನೇ ಉತ್ತರವೆಂದು ಹಿಡಿಯಬೇಡಿ. ಆಗ ನಮಗೆ ಬೇಕಾದ ಅರ್ಥವೇ ಕಾಣುತ್ತದೆ. ಅಪೊಸ್ತಲರ ಕೃತ್ಯಗಳು 16ರಲ್ಲಿ ಸುವಾರ್ತೆ ಸಾರಲು ಹೊರಟ ಅಪೊಸ್ತಲ ಪೌಲನಿಗೆ ಆಸ್ಯ ಸೀಮೆಯಲ್ಲಿ ತಡೆ, ಬಿಥೂನ್ಯ ಸೀಮೆಯಲ್ಲೂ ತಡೆ. ಆದರೂ ಅವನು ಕೈಕಟ್ಟಿ ಕೂರದೆ ತ್ರೋವ ಪಟ್ಟಣಕ್ಕೆ ಬಂದನು. ಮಕೆದೋನ್ಯಕ್ಕೆ ಬಾ ಎಂದು ಕರೆಯುವ ದರ್ಶನ ಅವನಿಗಾದ ಮೇಲೆ ಅದು ದೇವರ ಕರೆ ಎಂದು ಜೊತೆಗಾರರೆಲ್ಲ ಸೇರಿ ನಿಶ್ಚಯಿಸಿದರು. ಅದಕ್ಕೇ ಇಬ್ಬರು ವಿಶ್ವಾಸಿಗಳಿಗೆ ವಿಷಯವನ್ನು ಪೂರ್ತಿ ತಿಳಿಸುತ್ತೇನೆ. ಅವರಲ್ಲಿ ಒಬ್ಬರಾದರೂ ನನಗೆ "ಬೇಡ" ಅನ್ನುವ ಧೈರ್ಯ ಇರುವವರಾಗಿರಬೇಕು, ಆ ನಿರ್ಧಾರದಿಂದ ಅವರಿಗೆ ಲಾಭ ಇರಬಾರದು.

ಈ ಒಪ್ಪಿಸುವಿಕೆ ಕೆಡುವುದು ಸಾಮಾನ್ಯವಾಗಿ ಚೌಕಾಸಿಯಿಂದ: "ಇದನ್ನು ಕೊಟ್ಟರೆ ಅದನ್ನು ಬಿಡುತ್ತೇನೆ". ಅರ್ಜಿಯನ್ನೇ ಹಾಕದೆ "ದೇವರ ಚಿತ್ತವಿದ್ದರೆ ಕೆಲಸ ಸಿಗುತ್ತದೆ" ಅನ್ನುವುದು ಸೋಮಾರಿತನ. ಇವೆರಡಕ್ಕಿಂತ ಅಪಾಯದ್ದು, ಮನುಷ್ಯರ ದಬ್ಬಾಳಿಕೆಗೆ ತಲೆಬಾಗುವುದನ್ನು ದೇವರಿಗೆ ಅಧೀನವಾಗುವುದೆಂದು ತಿಳಿಯುವುದು. ಹೊಡೆಯುವ ಗಂಡ, ದೇವರ ಹೆಸರಿನಲ್ಲಿ ದುಡ್ಡಿಗೆ ಪೀಡಿಸುವ ನಾಯಕ, ಇವರ ಇಷ್ಟ ದೇವರ ಚಿತ್ತವಲ್ಲ. ಅಂಥಲ್ಲಿ ಸಹಾಯ ಕೇಳಲೇಬೇಕು, ಅಗತ್ಯವಿದ್ದರೆ ತುರ್ತು ಸಹಾಯವಾಣಿ 112ಕ್ಕೆ ಫೋನ್ ಮಾಡಲೇಬೇಕು.

ರಾತ್ರಿ ಐದು ನಿಮಿಷ ಅದೇ ಹಾಳೆ. ಜೆಸ್ವಿಟ್ ಸಂಘದ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರಿಶೋಧನೆಯಂತೆ ಮೊದಲು ಕೃತಜ್ಞತಾಸ್ತೋತ್ರ, ಆಮೇಲೆ ಪರಿಶೀಲನೆ. ಈ ಅನುಕ್ರಮ ತಪ್ಪಿದರೆ ಬರೀ ಆತ್ಮನಿಂದೆಯಾಗಿಬಿಡುತ್ತದೆ. ಪಾಲಿಸದ ಸಾಲನ್ನು ಕ್ಷಮೆ ಕೇಳಿ ನಾಳೆಯ ಹಾಳೆಗೆ ಬರೆದುಕೊಳ್ಳುತ್ತೇನೆ. ಒಂದೇ ಸಾಲು ವಾರಗಟ್ಟಲೆ ಹಾಳೆಯಿಂದ ಹಾಳೆಗೆ ಸಾಗುತ್ತಿದ್ದರೆ ಆ ನೋಟುಬುಕ್ಕನ್ನು ಹಿಡಿದುಕೊಂಡು ಪಾಸ್ಟರ ಬಳಿ ಹೋಗಬೇಕು.