ಮೂರು ಡಿಸ್ಕ್ ಇಟ್ಟು ಮೆಲಿಯಾಯ್ಡೋಸಿಸ್ ಹಿಡಿದದ್ದು

ಉಡುಪಿಯ ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ, ಮಲೇರಿಯಾ ಯಾವುದೂ ಅಲ್ಲದ ಜ್ವರ ಬಂದರೆ ಸುಮ್ನೆ ಟಿಬಿ ಮಾತ್ರೆ ಶುರು ಮಾಡಿಬಿಡುತ್ತಾರೆ. ಅದು ಮೆಲಿಯಾಯ್ಡೋಸಿಸ್ (ಮಣ್ಣು, ನೀರಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ಇರಬಹುದು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದು ಗದ್ದೆಗೆ ಇಳಿಯುವವರಲ್ಲಿ ಎಂದು ನಾನು ಹೇಳಿದಾಗ ನಕ್ಕವರೇ ಜಾಸ್ತಿ.

ಲ್ಯಾಬ್ ರಿಪೋರ್ಟ್ ಕೂಡ ನನ್ನ ಪರ ಇರಲಿಲ್ಲ. ಸ್ಯೂಡೋಮೋನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಅಂತ ಬರುತ್ತಿತ್ತು, ಇಲ್ಲವೇ ಕಂಟಾಮಿನೆಂಟ್ (ಹೊರಗಿನಿಂದ ಸೇರಿಕೊಂಡದ್ದು) ಅಂತ. ಬ್ಯಾಕ್ಟೀರಿಯಾ ಗುರುತಿಸುವ ಮೆಷಿನ್‌ಗೆ ಹಾಕಿಸಿದರೆ ಅದು ಸೆಪೇಸಿಯಾ (ಇದರದೇ ಹತ್ತಿರದ ಬಂಧು) ಅಂದಿತು. ಆಂಟಿಬಾಡಿ ಕಿಟ್ ತರಿಸಿದೆ. ಗದ್ದೆ ಕೆಲಸದವರಲ್ಲಿ ಆರೋಗ್ಯವಾಗಿ ಓಡಾಡುವವರಿಗೂ ಪಾಸಿಟಿವ್! 15 ಸಾವಿರದ ಹತ್ತಿರ ದುಡ್ಡು ನೀರಿಗೆ ಹೋಯಿತು.

ಕೊನೆಗೆ ಹಳೇ ದಾರಿಯೇ ಹಿಡಿದೆ. ರೋಗಿಯ ಸ್ಯಾಂಪಲ್ ಹಾಕಿದ ಕಲ್ಚರ್ ಪ್ಲೇಟ್‌ನಲ್ಲಿ ಆಕ್ಸಿಡೇಸ್ ಪರೀಕ್ಷೆಗೆ ಪಾಸಿಟಿವ್, ಲ್ಯಾಕ್ಟೋಸ್ ಸಕ್ಕರೆ ಮುಟ್ಟದ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಯಾವುದು ಬೆಳೆದರೂ ಜೆಂಟಾಮೈಸಿನ್, ಕೊಲಿಸ್ಟಿನ್, ಕೋ-ಅಮಾಕ್ಸಿಕ್ಲಾವ್ ಡಿಸ್ಕ್ (ಆಂಟಿಬಯೋಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ) ಇಡುವುದು. ಮೊದಲೆರಡಕ್ಕೆ ಜಗ್ಗದೆ ಮೂರನೆಯದಕ್ಕೆ ಸೋತರೆ ನನಗೆ ಅಷ್ಟೇ ಸಾಕು, ಔಷಧಿ ಶುರು. ಸ್ಯೂಡೋಮೋನಾಸ್ ಆದರೆ ಕೊಲಿಸ್ಟಿನ್‌ಗೆ ಸೋಲಬೇಕು, ಅಲ್ವಾ? ಮೂರೂ ಡಿಸ್ಕ್ ಸೇರಿ 15-20 ರೂಪಾಯಿ ಆಗಬಹುದು. ಹೀಗೆ ಸಿಕ್ಕಿದ್ದನ್ನು ಪಿಸಿಆರ್‌ಗೆ ಕಳಿಸಿದೆ. ಹೆಚ್ಚುಕಮ್ಮಿ ಎಲ್ಲವೂ ಮೆಲಿಯಾಯ್ಡೋಸಿಸ್ ರೋಗಾಣುವೇ ಅಂತ ಬಂತು. ನಕ್ಕವರೇ ಈಗ ಪ್ಲೇಟ್ ಫೋಟೊ ಕಳಿಸಿ ಕೇಳುತ್ತಾರೆ.

ಎರಡನೇ ದಿನ ಪ್ಲೇಟ್ ಬಿಸಾಡಿದರೆ ರೋಗಾಣು ಕೈತಪ್ಪಬಹುದು. ಒಣಗಿ ಸುಕ್ಕುಗಟ್ಟಿದ ಕಾಲನಿ (ಬ್ಯಾಕ್ಟೀರಿಯಾದ ಗುಂಪು) ಕಾಣಲು ಮೂರು ದಿನವಾದರೂ ಬೇಕು. ಅಷ್ಟು ದಿನ ಪ್ಲೇಟ್ ಹಾಳಾಗದಂತೆ ಇಡಲು ನಮ್ಮದೊಂದು ಉಪಾಯ ಇದೆ. ಇಲ್ಲಿ ಬರೆಯಲ್ಲ, ನೀರ್‌ದೋಸೆ-ಕೋಳಿಸಾರಿಗೆ ಕರೆದರೆ ಹೇಳುತ್ತೇನೆ. ರಕ್ತ ಒಂದನ್ನೇ ನಂಬಬೇಡಿ. ಮೂತ್ರ, ಗಂಟಲು ಸ್ವಾಬ್, ಕೀವು ಎಲ್ಲ ಕಳಿಸಿ. ಮತ್ತೆ, ಪ್ಲೇಟ್ ಮೂಸುವ ಚಟ ಇದ್ದವರು ದಯವಿಟ್ಟು ಬಿಡಿ. ಈ ರೋಗಾಣು ಉಸಿರಿನಲ್ಲೂ ಒಳಗೆ ಹೋಗುತ್ತದೆ, ಕೆಲಸ ಲ್ಯಾಬ್‌ನ ಸೇಫ್ಟಿ ಕ್ಯಾಬಿನೆಟ್ ಒಳಗೇ ಆಗಲಿ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಬ್ರಹ್ಮಾವರದ ಕಡೆ ಗದ್ದೆಯಲ್ಲಿ ಒಂದಡಿ ಆಳದ ಮಣ್ಣು ತೆಗೆದು ಈ ರೋಗಾಣು ಬೆಳೆಸಲೆಂದೇ ಇರುವ ಆಶ್‌ಡೌನ್ ಅಗಾರ್‌ಗೆ ಹಾಕಿದೆವು. ಬೇರೆ ಏನೇನೋ ಬೆಳೆದು ಪ್ಲೇಟ್ ತುಂಬಿತು, ಬೇಕಾದ್ದು ಬರಲಿಲ್ಲ. ಗದ್ದೆಯವರು ಮಾತ್ರ "ಮಣ್ಣಿಗೂ ಜ್ವರವಾ ಡಾಕ್ಟ್ರೇ?" ಅಂತ ಇವತ್ತಿಗೂ ಕೇಳುತ್ತಾರೆ.

ಇನ್ನು ಖರ್ಚು. ಐಸಿಯುನಲ್ಲಿದ್ದವರಿಗೆ ಮೆರೊಪೆನೆಮ್ ಇಂಜೆಕ್ಷನ್ ತಪ್ಪದು. ಉಳಿದವರಿಗೆ ಸೆಫ್ಟಾಜಿಡಿಮ್ ಕೊಟ್ಟೆ, ಬಿಲ್ ಅರ್ಧದಷ್ಟಕ್ಕೆ ಇಳಿಯಿತು. ಕನಿಷ್ಠ 2 ವಾರ, ಒಳಗೆ ಕೀವು ಇದ್ದರೆ ಇನ್ನೂ ಜಾಸ್ತಿ. ನಿಜವಾದ ತಲೆನೋವು ಆಮೇಲಿನದು: 12 ವಾರ ಕೋ-ಟ್ರೈಮಾಕ್ಸಜೋಲ್. ಮಾತ್ರೆ ಅಗ್ಗ, ಆದರೆ ಜ್ವರ ಬಿಟ್ಟ ಕೂಡಲೇ ಜನ ಅದನ್ನೂ ಬಿಡುತ್ತಾರೆ. ಮುಂಬೈಯ ಹೋಟೆಲ್ ಕೆಲಸಕ್ಕೆ ಹೋದವರೊಬ್ಬರು ಒಂದೇ ತಿಂಗಳಿಗೆ ನಿಲ್ಲಿಸಿ, ಲಿವರ್‌ನಲ್ಲಿ ಕೀವು ತುಂಬಿಸಿಕೊಂಡು ವಾಪಸ್ ಬಂದರು. ಮೊದಲಿನಿಂದ ಮತ್ತೆ ಇಂಜೆಕ್ಷನ್, ಲಕ್ಷ ದಾಟಿತು. ಈಗ ಹೆಂಡತಿಯ ನಂಬರ್ ಬರೆದುಕೊಳ್ಳದೆ ಡಿಸ್ಚಾರ್ಜ್ ಮಾಡುವುದಿಲ್ಲ. ಈ ಮಾತ್ರೆ ನುಂಗುವಾಗ ನೋಡಬೇಕಾದ ಪೊಟ್ಯಾಸಿಯಂ, ಕ್ರಿಯಾಟಿನಿನ್ ರಿಪೋರ್ಟ್ ವಾಟ್ಸಾಪ್‌ಗೆ ಬರದಿದ್ದರೆ ನಮ್ಮ ಸಿಸ್ಟರ್ ಆ ಹೆಂಡತಿಗೇ ಫೋನ್ ಹಚ್ಚುತ್ತಾರೆ.