ಅಟ್ಟದ ಪಿಟೀಲಿಗೆ ಮತ್ತೆ ದನಿ

ಅಜ್ಜನ ಪಿಟೀಲು ಅಟ್ಟದಿಂದ ಇಳಿದ ಕೂಡಲೇ ಎಲ್ಲರೂ ಟಾರ್ಚ್ ಹಿಡಿದು ಒಳಗಿನ ಚೀಟಿ ಓದುತ್ತಾರೆ. ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯಸ್‌ನ ಹೆಸರಿದ್ದರೆ ಸಂಭ್ರಮ ಬೇಡ. ಜರ್ಮನಿಯ ಮಾರ್ಕ್‌ನ್ಯೂಕಿರ್ಖೆನ್ ಕಡೆಯಿಂದ ಆ ಚೀಟಿ ಹೊತ್ತ ಅಗ್ಗದ ವಾದ್ಯಗಳು ಲೆಕ್ಕವಿಲ್ಲದಷ್ಟು ಬಂದಿವೆ. ಟಾರ್ಚ್ ಬೇಕಾಗುವುದು ಒಳಗಿನ ಸೌಂಡ್ ಪೋಸ್ಟ್ ಎಂಬ ಕಡ್ಡಿ ನಿಂತಿದೆಯೇ ಎಂದು ನೋಡಲು.

ಮೊದಲು ಧೂಳು. ಮೇಲ್ಹಲಗೆಯ ಎಫ್ ಆಕಾರದ ರಂಧ್ರದಿಂದ ಒಂದು ಹಿಡಿ ಅಕ್ಕಿ ಸುರಿದು, ಮೆಲ್ಲಗೆ ಕುಲುಕಿ, ಹೊರಗೆ ಸುರಿಯಿರಿ. ದಶಕಗಳ ಧೂಳಿನ ಉಂಡೆಗಳು ಜೊತೆಗೇ ಬರುತ್ತವೆ. ಹೊರಮೈಗೆ ಒಣಬಟ್ಟೆ ಸಾಕು. ಸ್ಪಿರಿಟ್ ಮುಟ್ಟಿಸಿದಿರೋ, ವಾರ್ನಿಶ್ ಕರಗಿತು. ಕಛೇರಿಗಳಲ್ಲಿ ಪಾದದ ಮೇಲೆ ಕೂತು ಸವೆದ ತುದಿಯ ಸುರುಳಿಗೂ ಬಣ್ಣ ಬಳಿಯಬೇಡಿ, ಆ ಸವಕಲು ವಾದ್ಯದ ಜಾತಕ.

ಅಂಚಿನುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟಿ. ಒಡಕು ಸದ್ದು ಬಂದಲ್ಲಿ ಅಂಟು ಬಿಟ್ಟಿದೆ. ಅಲ್ಲಿಗೆ ಫೆವಿಕಾಲ್ ಸಲ್ಲದು. ಚರ್ಮ ಕುದಿಸಿ ಮಾಡುವ, ವಜ್ರ ಎಂದು ಕರೆಯುವ ಅಂಟನ್ನೇ ನೀರಲ್ಲಿ ನೆನೆಸಿ, ಸುಮಾರು 60 ಡಿಗ್ರಿ ಬಿಸಿಯಲ್ಲಿ ಕರಗಿಸಿ ಬಳಸಿ. ನಾಳೆ ಯಾರಾದರೂ ಬಿಚ್ಚಬೇಕಾದರೆ ಬಿಸಿನೀರಿಗೆ ಅದು ಬಿಟ್ಟುಕೊಡುತ್ತದೆ. ಮೇಲ್ಹಲಗೆಯೇ ಸೀಳಿದ್ದರೆ ಮಾತ್ರ ನುರಿತವರ ಬಳಿಗೆ ಒಯ್ಯಿರಿ.

ಸೌಂಡ್ ಪೋಸ್ಟ್ ಎಂದರೆ ಸುಮಾರು 6 ಮಿ.ಮೀ. ದಪ್ಪದ ಸ್ಪ್ರೂಸ್ ಕಡ್ಡಿ. ಅಂಟಿಲ್ಲದೆ ಎರಡು ಹಲಗೆಗಳ ನಡುವೆ ಬಿಗಿತದಿಂದಷ್ಟೇ ನಿಲ್ಲುತ್ತದೆ. ಫ್ರೆಂಚರು ಇದನ್ನು ಆತ್ಮ ಎನ್ನುತ್ತಾರೆ. ಕುಲುಕಿದಾಗ ಒಳಗೆ ಲೊಟಲೊಟ ಎಂದರೆ ಆತ್ಮ ಬಿದ್ದಿದೆ ಎಂದರ್ಥ. ಆಗ ತಂತಿ ಬಿಗಿದರೆ ಮೇಲ್ಹಲಗೆ ಕುಸಿಯಬಹುದು. ಎಸ್ ಆಕಾರದ ಉಕ್ಕಿನ ಸಲಕರಣೆಗೆ ಕಡ್ಡಿಯನ್ನು ಚುಚ್ಚಿ, ಸಣ್ಣ ತಂತಿಯ ಕಡೆಯ ರಂಧ್ರದಿಂದ ಇಳಿಸಿ, ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಆ ಬದಿಯ ಕಾಲಿನ ತುಸು ಹಿಂದೆ ನಿಲ್ಲಿಸಬೇಕು. ಕಡ್ಡಿಯ ಎಳೆ ಮೇಲ್ಹಲಗೆಯ ಎಳೆಗೆ ಅಡ್ಡವಾಗಿರಲಿ. ನನಗೆ ಮೊದಲ ಸಲ ಇಡೀ ಸಂಜೆ ಹಿಡಿಯಿತು. ಹದಿನೇಳನೆಯ ಸಲ ಬಿದ್ದಾಗ ಎದ್ದುಹೋಗಿ ಕಾಫಿ ಕುಡಿದು ಬಂದೆ.

ತಂತಿ ಬಿಗಿಯುವ ಬಿರಡೆ ಜಾರಿದರೆ ಸೀಮೆಸುಣ್ಣ, ಬಿಗಿದರೆ ಒಣ ಸೋಪು.

ಎಫ್ ರಂಧ್ರಗಳ ಒಳಬದಿಯ ಕಚ್ಚುಗಳನ್ನು ಸೇರಿಸುವ ಗೆರೆಯ ಮೇಲೆ ಕುದುರೆ ಇಡಿ. ತಂತಿಗಳನ್ನು ಒಂದೊಂದಾಗಿ, ಸ್ವಲ್ಪಸ್ವಲ್ಪವೇ ಏರಿಸಿ. ಬಿಗಿಯುತ್ತ ಹೋದಂತೆ ಕುದುರೆಯ ತಲೆ ಬಿರಡೆಗಳತ್ತ ವಾಲುತ್ತದೆ. ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ತನ್ನಿ. ಸ-ಪ-ಸ-ಪ ಕೂಡಿಸುವಾಗ ಬೇಕಾದ ಶ್ರುತಿಗಿಂತ ಒಂದು ಸ್ವರದಷ್ಟು ಕೆಳಗೇ ನಿಲ್ಲಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶ್ರುತಿ ಇಳಿದಿರುತ್ತದೆ, ಕುದುರೆ ಮತ್ತೆ ವಾಲಿರುತ್ತದೆ. ಸರಿಪಡಿಸಿ, ಶ್ರುತಿ ಏರಿಸಿ, ಆಮೇಲೆ ಕಮಾನಿಗೆ ರಾಳ ಹಚ್ಚಿ.