ಕ್ಯಾನ್ಸರ್ ಕೋಶಕ್ಕೆ ಎಲ್‌ಪಿಎಸ್ ಉಣಿಸಿದ ಬಗೆ

ಶ್ವಾಸಕೋಶದ ಕ್ಯಾನ್ಸರ್ ಎಂದೊಡನೆ ಮಾತು ಬೀಡಿ, ಸಿಗರೇಟಿಗೇ ಹೋಗುತ್ತದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ನಾನು ಬೆನ್ನು ಹತ್ತಿದ್ದು ಲಿಪೊಪಾಲಿಸ್ಯಾಕರೈಡನ್ನು, ನಮ್ಮ ಬಾಯಲ್ಲಿ ಎಲ್‌ಪಿಎಸ್. ಇದು ತಾಗಿದರೆ ಕ್ಯಾನ್ಸರ್ ಕೋಶಗಳ ಚಲನೆ ಹೆಚ್ಚುತ್ತದೆಯೇ ಎಂಬುದು ನನ್ನ ಪ್ರಶ್ನೆ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಅಣು ಇದು. ಎಲ್‌ಪಿಎಸ್ಸನ್ನು ಗುರುತಿಸುವ, ಕೋಶದ ಮೇಲಿನ ಗ್ರಾಹಿ (ರಿಸೆಪ್ಟರ್) ಟಿಎಲ್‌ಆರ್4 ಎಂಬುದನ್ನು 1998ರಲ್ಲಿ ಬ್ರೂಸ್ ಬಾಯ್ಟ್ಲರ್ ತಂಡ ಕಂಡುಕೊಂಡಿತು. ಎಲ್‌ಪಿಎಸ್‌ಗೆ ಜಗ್ಗದ ಇಲಿಗಳಲ್ಲಿ ಆ ಜೀನೇ ಕೆಟ್ಟಿತ್ತು. ಗ್ರಾಹಿ ಕೆರಳಿದರೆ ಎನ್‌ಎಫ್-ಕಪ್ಪಾಬಿ ಎಂಬ ಜೀನ್ ನಿಯಂತ್ರಕ ಪ್ರೋಟೀನ್ ಎಚ್ಚೆತ್ತು ಐಎಲ್-6, ಐಎಲ್-8ರಂತಹ ಸಂದೇಶ ಪ್ರೋಟೀನ್ ತಯಾರಿಸುವ ಉರಿಯೂತದ ಜೀನ್‌ಗಳಿಗೆ ಚಾಲನೆ ಕೊಡುತ್ತದೆ.

ನನ್ನ ಕೈಯಲ್ಲಿದ್ದದ್ದು ಎ549 ಎಂಬ, ಪ್ರಯೋಗಾಲಯದಲ್ಲಿ ಬೆಳೆಸುವ ಶ್ವಾಸಕೋಶ ಕ್ಯಾನ್ಸರ್ ಕೋಶಗಳು. ತಟ್ಟೆಯ ತುಂಬ ಹರಡಿಕೊಂಡ ಮೇಲೆ ಪಿಪೆಟ್ಟಿನ ಹಳದಿ ಟಿಪ್ಪಿನಿಂದ ಒಂದು ಗೀರು ಎಳೆದು, 24 ಗಂಟೆಯಲ್ಲಿ ಆ ಗೀರು ಎಷ್ಟು ಮುಚ್ಚಿತೆಂದು ನೋಡುತ್ತಿದ್ದೆ. ಇಲ್ಲೇ ಒಂದು ಇಕ್ಕಟ್ಟು. ಕೋಶಗಳ ಪೋಷಣೆಗೆ ಹಾಕುವ ಸೀರಂ (ರಕ್ತದ ತಿಳಿ) ಹೆಚ್ಚಾದರೆ ಕೋಶ ವಿಭಜನೆಯಾಗಿ ಗೀರು ತುಂಬುತ್ತದೆ, ಅದು ಚಲನೆಯಲ್ಲ. ಸೀರಂ ತೆಗೆದರೆ ಅದರಲ್ಲಿರುವ, ಎಲ್‌ಪಿಎಸ್ಸನ್ನು ಗ್ರಾಹಿಗೆ ತಲುಪಿಸುವ ಸಿಡಿ14 ಪ್ರೋಟೀನೂ ಹೋಗುತ್ತದೆ. ಅದಿಲ್ಲದೆ ಎ549 ಎಲ್‌ಪಿಎಸ್‌ಗೆ ಸರಿಯಾಗಿ ಓಗೊಡುವುದಿಲ್ಲ. ಕೊನೆಗೆ ಅಲ್ಪ ಸೀರಂ ಉಳಿಸಿಕೊಂಡೆ.

ನನಗೆ ನಿಜವಾದ ತಲೆನೋವು ನೀರು: ಅದರಲ್ಲೇ ಎಲ್‌ಪಿಎಸ್ ಬೆರೆತಿರಬಹುದು. ಹಬೆಯಿಂದ ಶುದ್ಧಿ ಮಾಡುವ ಆಟೋಕ್ಲೇವಿನ 121 ಡಿಗ್ರಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಎಲ್‌ಪಿಎಸ್ ಮಾತ್ರ ಹಾಗೇ ಕೂತಿರುತ್ತದೆ. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಹೀಗಾಗಿ ಪ್ರತಿ ಪ್ರಯೋಗದಲ್ಲೂ ಎರಡು ತಾಳೆ ಪರೀಕ್ಷೆ ಇಟ್ಟೆ. ಒಂದರಲ್ಲಿ ಎಲ್‌ಪಿಎಸ್ಸನ್ನು ಹಿಡಿದುಕೊಳ್ಳುವ ಪಾಲಿಮಿಕ್ಸಿನ್ ಬಿ, ಪರಿಣಾಮ ಇಳಿಯಬೇಕು. ಇನ್ನೊಂದರಲ್ಲಿ ಕುದಿಸಿದ ಎಲ್‌ಪಿಎಸ್, ಪರಿಣಾಮ ಉಳಿಯಬೇಕು. ಕುದಿಸಿದಾಗ ಇಳಿದರೆ ಸೀಸೆಯಲ್ಲಿ ಬೆರೆತ ಯಾವುದೋ ಪ್ರೋಟೀನಿನ ಮೇಲೇ ಅನುಮಾನ.

ಜೀನ್ ಅಂಕಿಅಂಶಗಳನ್ನು ಟಿಸಿಜಿಎ ಎಂಬ ಕ್ಯಾನ್ಸರ್ ಜೀನ್ ದತ್ತಸಂಚಯದಿಂದ ಇಳಿಸಿಕೊಂಡೆ. ಗಡ್ಡೆಗಿಂತ ಪಕ್ಕದ ಸಹಜ ಅಂಗಾಂಶದಲ್ಲೇ ಟಿಎಲ್‌ಆರ್4 ಹೆಚ್ಚು. ಟಿಎಲ್‌ಆರ್4 ಕ್ಯಾನ್ಸರನ್ನು ತಡೆಯುತ್ತದೆ ಎಂದು ಬರೆದುಬಿಡಲು ಕೈ ತುರಿಸುವ ಜಾಗವಿದು. ಆದರೆ ಸಹಜ ಶ್ವಾಸಕೋಶದಲ್ಲಿ ಮ್ಯಾಕ್ರೊಫೇಜ್ ಎಂಬ ರಕ್ಷಣಾ ಕೋಶಗಳು ತುಂಬಿರುತ್ತವೆ, ಈ ಜೀನ್ ಅವುಗಳಲ್ಲಿ ಧಾರಾಳ. ಇಡೀ ಅಂಗಾಂಶವನ್ನು ಅರೆದು ಅಳೆದರೆ ಯಾವ ಕೋಶದ ದನಿ ಎಂದು ತಿಳಿಯುವುದಿಲ್ಲ.

ಆದ್ದರಿಂದ ಟಿಎಚ್‌ಪಿ-1 ಎಂಬ ಬಿಳಿ ರಕ್ತಕಣ ಮೂಲದ ಕೋಶಗಳನ್ನು ಮ್ಯಾಕ್ರೊಫೇಜ್‌ಗಳಾಗಿಸಿ, ಎಲ್‌ಪಿಎಸ್ ಕೊಟ್ಟು, ಅವು ಸ್ರವಿಸಿದ ದ್ರವವನ್ನು ಎ549 ಮೇಲೆ ಹಾಕಿದೆ. ಉಳಿದ ಎಲ್‌ಪಿಎಸ್ಸನ್ನು ಪಾಲಿಮಿಕ್ಸಿನ್‌ನಿಂದ ಕಟ್ಟಿಹಾಕಿದ್ದರೂ, ನೇರ ಎಲ್‌ಪಿಎಸ್‌ಗಿಂತ ಇದರಲ್ಲೇ ಗೀರು ಬೇಗ ಮುಚ್ಚಿತು. ಪ್ರಚೋದನೆ ಮಧ್ಯವರ್ತಿಯ ಮೂಲಕ ಬರುತ್ತಿದೆ ಎಂದಾಯಿತು. 2019ರಲ್ಲಿ ಅಮೆರಿಕದ ಎಂಐಟಿ ತಂಡ ಇಲಿಗಳಲ್ಲಿ ತೋರಿಸಿದ್ದೂ ಇದೇ ಜಾಡಿನದು: ಶ್ವಾಸಕೋಶದ ಬ್ಯಾಕ್ಟೀರಿಯಾ ಗಾಮಾ-ಡೆಲ್ಟಾ ಟಿ ಎಂಬ ರೋಗನಿರೋಧಕ ಕೋಶಗಳನ್ನು ಕೆರಳಿಸಿ, ಅವುಗಳ ಮೂಲಕ ಗಡ್ಡೆಗೆ ಇಂಬು ಕೊಡುತ್ತದೆ.

ಐಎಲ್-6ಅನ್ನು ತಡೆಯುವ ಪ್ರತಿಕಾಯ ಸೇರಿಸಿದಾಗ ಕೋಶಗಳ ಓಟ ತಗ್ಗಿತು, ಪೂರ್ತಿ ನಿಲ್ಲಲಿಲ್ಲ. ಈಗ ಐಎಲ್-8ರ ಸರದಿ.